ಮೇಲಿನ ಮನೆಯ ಏರು

ಜೂನ್ 4, ಸಂಜೆ

ಅಂಗಡಿಯಿಂದ ಬಂದೆ. ಬೆರಳ ಸಂದಿಯಲ್ಲಿ ಇನ್ನೂ ಲೆನ್ಸ್ ಉಜ್ಜಿದ ಪುಡಿ. ಕಾಫಿ ಕುಡಿದು ಮತ್ತೆ ಅದೇ ಕೆಲಸ — ಟ್ರೇನರ್ ಹುಡುಕುವುದು. ಸೈಕಲ್ಲನ್ನು ಮನೆಯೊಳಗೇ ನಿಲ್ಲಿಸಿ ತುಳಿಯುವ ಸ್ಟ್ಯಾಂಡು. 'ಸ್ಮಾರ್ಟ್' ಆದರೆ ಫೋನಿನಿಂದಲೇ ಏರು ಹಾಕಬಹುದು, ತೆಗೆಯಬಹುದು; ಏರು ಹಾಕಿದಷ್ಟೂ ಪೆಡಲ್ ಭಾರ. ಹಿಂದಿನ ಚಕ್ರ ಬಿಚ್ಚಿ ಕೂರಿಸುವಂಥದ್ದು ಒಳ್ಳೆಯದಂತೆ, ಸದ್ದೇ ಇಲ್ಲವಂತೆ. ಬೆಲೆ ನೋಡಿ ಪುಟ ಮುಚ್ಚಿದೆ. ಚಕ್ರಕ್ಕೆ ಉರುಳೆ ಒತ್ತಿಕೊಂಡು ನಿಲ್ಲುವಂಥದ್ದು ಅರ್ಧಕ್ಕಿಂತ ಕಡಿಮೆ. ಸದ್ದು ಮಾಡುತ್ತದೆ, ಟೈರ್ ಸವೆಸುತ್ತದೆ, ಕಡಿದಾದ ಏರು ಬರುವುದಿಲ್ಲ. ನನ್ನ ಜೇಬಿಗೆ ಅದೇ ಸೈ.

ದಿನವಿಡೀ ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಿಸುತ್ತಾ 'ಇದು ಸ್ಪಷ್ಟವೋ, ಅದೋ' ಎಂದು ಕೇಳುವವನು ನಾನು. ಈಗ ನನ್ನನ್ನೇ ಕೇಳಿಕೊಂಡು ಕೂತಿದ್ದೇನೆ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದಳು ಹೆಂಡತಿ. ಆರೋಗ್ಯಕ್ಕೆ ಎಂದೆ. ಸುಳ್ಳು. ಷಡ್ಡಕನಿಗೆ ಬುದ್ಧಿ ಕಲಿಸುವುದಕ್ಕೆ.

ಜೂನ್ 5, ಬೆಳಗ್ಗೆ

ನಿದ್ದೆಯಲ್ಲೂ ಅದೇ. ಬರೆದುಬಿಟ್ಟರೆ ಹೊಟ್ಟೆಯುರಿ ಸ್ವಲ್ಪ ತಣ್ಣಗಾಗಬಹುದೇನೋ.

ನಮ್ಮ ಸೈಕಲ್ ಗ್ರೂಪಿನ ಗುಡ್ಡದ ರೈಡ್. ವರ್ಷಕ್ಕೊಮ್ಮೆ. ಹೋದ ನವೆಂಬರಿನ ಮಾತು. ಅರ್ಧ ಏರಿನಲ್ಲಿ ನನಗೆ ಏದುಸಿರು. ಷಡ್ಡಕ ಪಕ್ಕಕ್ಕೆ ಬಂದ. ಹೆಂಡತಿಯ ತಂಗಿಯ ಗಂಡ, ನನಗಿಂತ ಚಿಕ್ಕವನು. ಅಕ್ಕತಂಗಿಯರಿಗೆ ಹತ್ತಿರ ಇರುವ ಆಸೆ, ಅದಕ್ಕೆ ನಮ್ಮದೇ ಕಟ್ಟಡದ ಮೇಲಿನ ಮನೆಯಲ್ಲಿದ್ದಾನೆ. ಬಂದವನು ನನ್ನ ಬೆನ್ನ ಮೇಲೆ ಕೈಯಿಟ್ಟು ತಳ್ಳತೊಡಗಿದ. ಬೇಡ ಎಂದೆ. ಬಿಡಲಿಲ್ಲ. ತುದಿಯವರೆಗೂ ತಳ್ಳಿದ. ಅವನು ಲಿಫ್ಟ್ ಕಂಪನಿಯ ಸೇಲ್ಸ್‌ನವನು. ಎಲ್ಲರೂ ಕೂತಿದ್ದರು, ಅವರೆದುರಿಗೆ ಹೇಳಿದ, "ಜನರನ್ನ ಮೇಲೆ ಕಳಿಸೋದೇ ನನ್ನ ಕೆಲಸ ಅಲ್ವಾ ಅಣ್ಣ."

ಬಿದ್ದು ಬಿದ್ದು ನಕ್ಕರು. ವೀಡಿಯೊ ಬೇರೆ. ಗ್ರೂಪಿನಲ್ಲಿ ಈಗ ನನ್ನ ಹೆಸರು 'ಲಗೇಜು'. ವೀಡಿಯೊ ನೋಡಿ ನನ್ನ ಹೆಂಡತಿಯೂ ನಕ್ಕಳು. ಅದನ್ನು ಮಾತ್ರ ಮರೆಯಲಾರೆ.

ಮುಂದಿನ ರೈಡ್ ನವೆಂಬರಿಗೆ. ಅವನಿಗಿಂತ ಮುಂಚೆ ತುದಿ ಮುಟ್ಟಬೇಕು. ಅಷ್ಟೇ. ಬೇರೇನೂ ಬೇಡ.

ಜೂನ್ 19

ಬಂತು. ಜೋಡಿಸುವಷ್ಟರಲ್ಲಿ ಸಾಕುಬೇಕಾಯಿತು. ಮುಂದಿನ ಚಕ್ರ ತಗ್ಗಿನಲ್ಲಿ ನಿಲ್ಲುತ್ತದೆ, ಅದರಡಿಗೆ ಹಳೆಯ ನಿಘಂಟು ಕೊಟ್ಟೆ. ಉರುಳೆಯನ್ನು ಎಷ್ಟು ಒತ್ತಬೇಕು ಎಂಬುದರಲ್ಲೇ ಎಲ್ಲ ಇರುವುದು. ಸಡಿಲವಾದರೆ ಜಾರುತ್ತದೆ. ಬಿಗಿಯಾದರೆ ಟೈರ್ ಸುಟ್ಟ ವಾಸನೆ. ಕೋಣೆ ತುಂಬ ಹಿಟ್ಟಿನ ಗಿರಣಿಯ ಸದ್ದು. ಫ್ಯಾನ್ ಹಾಕದೆ ಕೂತಿದ್ದು ತಪ್ಪಾಯಿತು — ಬೆವರು ಹರಿದು ಚಾಪೆಯೆಲ್ಲ ಒದ್ದೆ.

ಆದರೂ ಖುಷಿ. ಪ್ರತಿ ತುಳಿತಕ್ಕೂ ಅವನ ಮುಖ ನೆನೆಸಿಕೊಂಡೆ. ಕಾಲು ತಾನಾಗಿ ಓಡುತ್ತದೆ.

ಜೂನ್ 20

ಸದ್ದು ಕೇಳಿ ಷಡ್ಡಕ ಇಳಿದು ಬಂದ. ಸುತ್ತ ಒಂದು ಸುತ್ತು ಹಾಕಿದ. ಯಾವ ಮಾಡೆಲ್, ಎಲ್ಲಿ ತಗೊಂಡಿದ್ದು ಎಂದು ಕೇಳಿದ. ನಾನು ವಾರಗಟ್ಟಲೆ ಕಣ್ಣು ನೋಯಿಸಿಕೊಂಡು ಆರಿಸಿದ್ದನ್ನು ಅಲ್ಲೇ ನಿಂತು ಆರ್ಡರ್ ಮಾಡಿದ. ಅದೇ ಮಾಡೆಲ್. ಅದೇ ಬಣ್ಣ. ಅಣ್ಣ ಆರಿಸಿದ್ದಾರೆಂದರೆ ಚೆನ್ನಾಗೇ ಇರುತ್ತದೆ, ತನಗ್ಯಾಕೆ ತಲೆನೋವು ಎಂದ. ಬಾಯಿ ತುಂಬ ಅಣ್ಣ ಅನ್ನುತ್ತಾನೆ. ಮೈಯೆಲ್ಲ ಉರಿಯುತ್ತದೆ.

ಜುಲೈ 2

ಅವನದೂ ಶುರು. ಬೆಳಗ್ಗೆ ಐದೂವರೆಗೆ ಕೆಳಗೆ ನಾನು, ಮೇಲೆ ಅವನು. ಕಟ್ಟಡದ ಓನರ್ ಒಮ್ಮೆ ಬಂದು ಗೊಣಗಿ ಹೋದರು.

ಅವನು ಆಪ್ ಬಿಟ್ಟಿದ್ದಾನಂತೆ. ತಿಂಗಳು ತಿಂಗಳು ದುಡ್ಡು ಕೇಳುತ್ತದೆ ಎಂದು ಸಿಟ್ಟು. ಹ್ಯಾಂಡಲ್ ಮೇಲಿನ ಹಳೇ ಮೀಟರಿನಲ್ಲಿ ಸ್ಪೀಡ್ ನೋಡಿಕೊಂಡು ಸುಮ್ಮನೆ ತುಳಿಯುತ್ತಾನೆ. ಸ್ಮಾರ್ಟ್ ಟ್ರೇನರ್ ತಂದು ದಡ್ಡನ ಹಾಗೆ ಬಳಸುವುದು. ಜಿಪುಣ. ಟ್ರೇನರ್ ಕಂಪನಿಯದೇ ಪುಕ್ಕಟೆ ಆಪ್ ಒಂದಿದೆ, ಏರು ಹಾಕಲು ಅಷ್ಟೇ ಸಾಕು. ನಾನು ಹೇಳಲಿಲ್ಲ. ಯಾಕೆ ಹೇಳಲಿ.

ಜುಲೈ 11, ಬೆಳಗ್ಗೆ

ಅಂಗಡಿಗೆ ಹೊತ್ತಾದರೂ ಬರೆಯುತ್ತಿದ್ದೇನೆ. ಸಂತೋಷಕ್ಕೆ.

ಹೊಸ ಫೋನ್. ಆಪ್ ಮತ್ತೆ ಹಾಕಿ ಟ್ರೇನರ್ ಹುಡುಕಿಸಿದೆ. ಒಂದೇ ಹೆಸರಿನವು ಎರಡು ತೋರಿಸಿತು, ಕೊನೆಯ ನಂಬರು ಮಾತ್ರ ಬೇರೆ. ಯಾವುದೋ ಒಂದನ್ನು ಒತ್ತಿದೆ. ಏರು ಐದಕ್ಕೆ ಹಾಕಿದೆ. ಕಾಲಿಗೆ ಏನೂ ಗೊತ್ತಾಗಲಿಲ್ಲ. ಆರು. ಊಹೂಂ. ಹಾಳಾಯಿತು ಎಂದುಕೊಂಡು ನಿಲ್ಲಿಸಿ ನೀರು ಕುಡಿದೆ. ನಾನು ನಿಲ್ಲಿಸಿದ್ದೇನೆ... ಸ್ಕ್ರೀನಿನಲ್ಲಿ ಸ್ಪೀಡ್ ಓಡುತ್ತಲೇ ಇದೆ. ತುಳಿಯುತ್ತಿರುವವರು ಯಾರು?

ತಲೆ ಎತ್ತಿದೆ. ಮೇಲಿನ ಗುಂಯ್‌ಗುಡುವ ಸದ್ದು ನರಳಾಟವಾಗಿತ್ತು. ಏರನ್ನು ಸೊನ್ನೆಗೆ ಇಳಿಸಿದೆ. ಸದ್ದು ಹಗುರವಾಯಿತು. ಮತ್ತೆ ಆರು. ಮೇಲೆ ಏನೋ ದಡಾರನೆ ಬಿತ್ತು. ನೀರಿನ ಬಾಟಲಿ ಇರಬೇಕು.

ಸೀಟಿನ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನ ಟ್ರೇನರ್ ನನ್ನ ಅಂಗೈಯಲ್ಲಿದೆ. ಜನರನ್ನು ಮೇಲೆ ಕಳಿಸುವುದು ಇನ್ನು ನನ್ನ ಕೆಲಸ.

ಜುಲೈ 12

ಒಮ್ಮೆಲೇ ಹಾಕಬಾರದು. ಗೊತ್ತಾಗಿಬಿಡುತ್ತದೆ. ಕಣ್ಣಿನ ಪವರ್ ಏರುವ ಕ್ರಮದಲ್ಲೇ ಹೋಗಬೇಕು — ಕಾಲು ಕಾಲು ಪಾಯಿಂಟ್. ಯಾವ ಗಿರಾಕಿಗೂ ತನ್ನ ಕಣ್ಣು ಮಂಜಾದ ದಿನ ಯಾವುದೆಂದು ಗೊತ್ತಿರುವುದಿಲ್ಲ. ಇದ್ದಕ್ಕಿದ್ದಂತೆ ಒಂದು ದಿನ ಬಸ್ಸಿನ ಬೋರ್ಡು ಕಾಣುವುದಿಲ್ಲ, ಅಷ್ಟೇ. ಇಪ್ಪತ್ತು ವರ್ಷ ಮಾಡಿದ ಕೆಲಸ ಇದು. ಇವತ್ತು ಏರು ಅರ್ಧ ಪಾಯಿಂಟಿಗೆ ಇಟ್ಟೆ.

ಆಗಸ್ಟ್ 8

ಎರಡಕ್ಕೆ ಬಂದಿದೆ. ಷಡ್ಡಕ ಮೆಟ್ಟಿಲಲ್ಲಿ ಸಿಕ್ಕ. ಯಾಕೋ ಸ್ಪೀಡ್ ಇಳಿಯುತ್ತಿದೆ, ಟೈರಿಗೆ ಗಾಳಿ ಹಾಕಿದೆ, ಚೈನಿಗೆ ಎಣ್ಣೆ ಬಿಟ್ಟೆ, ಉರುಳೆ ಸಡಿಲಿಸಿದೆ, ಏನೂ ಆಗಲಿಲ್ಲ ಎಂದ. ನಾನು ಬಹಳ ಗಂಭೀರವಾಗಿ ತಲೆಯಾಡಿಸಿದೆ. ವಯಸ್ಸು ಎಂದೆ. ಮುಖ ಸಪ್ಪಗಾಯಿತು. ಮನೆಗೆ ಬಂದು ಎರಡು ತುತ್ತು ಜಾಸ್ತಿ ಉಂಡೆ.

ಆಗಸ್ಟ್ 27

ಮೂರು. ನಾನು ಸರಿಯಾಗಿ ತುಳಿದು ಎಷ್ಟು ದಿನವಾಯಿತೋ. ಫೋನ್ ಮೇಲಿನದಕ್ಕೆ ಕನೆಕ್ಟ್ ಆದರೆ ನನ್ನದಕ್ಕೆ ಏರಿಲ್ಲ, ಬರೀ ಸಪಾಟು ರಸ್ತೆ. ಮೊದಲು ಅದನ್ನಾದರೂ ತುಳಿಯುತ್ತಿದ್ದೆ. ಈಗ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಸದ್ದು ಚೆನ್ನಾಗಿ ಕೇಳಲಿ ಎಂದು. ಪರವಾಗಿಲ್ಲ. ನಾನು ಏರುವುದೂ ಒಂದೇ, ಅವನು ಇಳಿಯುವುದೂ ಒಂದೇ.

ಸೆಪ್ಟೆಂಬರ್ 13, ಸಂಜೆ

ಷಡ್ಡಕ ಬಂದಿದ್ದ. ಹೆಂಡತಿ ಹೊರಗೆ ಹೋಗುವವರೆಗೆ ಕಾದು ಬಾಗಿಲು ಮುಂದೆ ಮಾಡಿದ. ಕೂತ.

"ಅಣ್ಣ, ಮನೇಲಿ ಹೇಳ್ಬೇಡಿ. ನಂಗೆ ಭಯ ಆಗ್ತಿದೆ. ನಮ್ಮಪ್ಪಂಗೂ ಮೊದ್ಲು ಹೀಗೇ ಸುಸ್ತು ಬರ್ತಿತ್ತು. ಇದೇ ವಯಸ್ಸಲ್ಲಿ ಹೋದ್ರು."

ಕಣ್ಣಲ್ಲಿ ನೀರಿತ್ತು. ಅವನ ಮಗಳಿಗೆ ಇನ್ನೂ ಏಳು ವರ್ಷ.

ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ತಮಾಷೆ ಮಾಡಿದೆ ಮಾರಾಯ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮೊದಲ ಬಾರಿ ಅವನು ನನ್ನ ಮುಂದೆ ತಲೆ ತಗ್ಗಿಸಿ ಕೂತಿದ್ದ. ಡಾಕ್ಟರಿಗೆ ತೋರಿಸು ಎಂದೆ. ಭುಜ ತಟ್ಟಿ ಕಳಿಸಿದೆ.

ಸೆಪ್ಟೆಂಬರ್ 14

ಕಾಲು ಪಾಯಿಂಟ್ ಏರಿಸಿದೆ.

ಸೆಪ್ಟೆಂಬರ್ 25

ಮುಚ್ಚಿಡಲು ಆಗಲಿಲ್ಲ ಅವನಿಗೆ. ನಾದಿನಿಗೆ ಗೊತ್ತಾಗಿದೆ. ಮೇಲೆ ಒಂದೇ ಅಳು. ನನ್ನ ಹೆಂಡತಿ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತುತ್ತಾಳೆ, ಅಡುಗೆ ಇಲ್ಲಿಂದಲೇ ಹೋಗುತ್ತದೆ. ಅವನು ಮಾತ್ರ ಹಟಕ್ಕೆ ಬಿದ್ದು ಬೆಳಗ್ಗೆ ತುಳಿಯುವುದು ಬಿಟ್ಟಿಲ್ಲ. ನೀವು ದೊಡ್ಡವರು, ನೀವಾದರೂ ಅವನಿಗೆ ಧೈರ್ಯ ಹೇಳಿ ಎಂದಳು ನನ್ನವಳು. ಅಳುತ್ತಿದ್ದಳು. ತಂಗಿ ಚಿಕ್ಕ ವಯಸ್ಸಿಗೇ ಒಂಟಿಯಾದರೆ ಏನು ಗತಿ ಎಂದು.

ಅವಳ ಕಣ್ಣೀರು ನೋಡಿ ಹೇಳಿಬಿಡೋಣ ಅನಿಸಿತು. ಅದೇ ಕಣ್ಣು ಆ ವೀಡಿಯೊ ನೋಡಿ ನಕ್ಕಿದ್ದನ್ನೂ ನೆನೆದೆ. ಸರಿಹೋಯಿತು.

ಸೆಪ್ಟೆಂಬರ್ 30

ಎಲ್ಲ ಟೆಸ್ಟೂ ಆಯಿತು. ಏನೂ ಇಲ್ಲವಂತೆ. ಎತ್ತಿನ ಹೃದಯ ಎಂದರಂತೆ ಡಾಕ್ಟರು. ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗಿದೆ. ನನಗೂ... ಹಗುರವೇ ಆಯಿತು ಅನ್ನಬೇಕು. ಆದರೆ ನಾನು ಬಿಡುವುದಿಲ್ಲ. ನವೆಂಬರ್ ಇನ್ನೂ ಇದೆ.

ಅಕ್ಟೋಬರ್ 6, ಬೆಳಗ್ಗೆ

ಮೇಲೆ ಯಾರೋ ಬಂದಿದ್ದರು. ಇಬ್ಬರು ಗಂಡಸರ ದನಿ. ಅವನು ತುಳಿಯುವುದು, ನಿಲ್ಲಿಸುವುದು, ಮತ್ತೆ ತುಳಿಯುವುದು. ನಾನು ಏರು ಮೂರೂವರೆಯಲ್ಲೇ ಇಟ್ಟು ಕೂತಿದ್ದೆ. ಆಮೇಲೆ ನಗು ಕೇಳಿಸಿತು. ಗುಣವಾದ ಖುಷಿ ಇರಬೇಕು.

ಅಕ್ಟೋಬರ್ 24

ಐದಕ್ಕೆ ಬಂದಿದೆ. ಬಿಡುವುದೇ ಇಲ್ಲ, ಪುಣ್ಯಾತ್ಮ. ಮೊದಲು ಮುಕ್ಕಾಲು ಗಂಟೆ ತುಳಿಯುತ್ತಿದ್ದವನು ಈಗ ಒಂದೂವರೆ ಗಂಟೆ. ಸಾಯಲಿ ಬಿಡು, ಬೆವರಿಳಿಸಲಿ. ಈ ದಣಿವಿನಲ್ಲಿ ಗುಡ್ಡಕ್ಕೆ ಬಂದರೆ ಅರ್ಧದಲ್ಲೇ ಕುಸಿಯುತ್ತಾನೆ.

ನನ್ನ ಪ್ಯಾಂಟು ಸೊಂಟಕ್ಕೆ ಬಿಗಿ.

ನವೆಂಬರ್ 16, ಸಂಜೆ

ಬರೆಯಲು ಮನಸ್ಸಿಲ್ಲ.

ಗುಡ್ಡದ ಬುಡದಲ್ಲೇ ಅವನು ಕಣ್ಮರೆ. ತಿರುವಿಗೊಮ್ಮೆ ಮೇಲೆ ನೋಡಿದರೆ ಎಲ್ಲೋ ದೂರ, ಸೀಟಿನಿಂದ ಎದ್ದೂ ಇಲ್ಲ, ಪೇಟೆಗೆ ತರಕಾರಿ ತರಲು ಹೊರಟವನ ಹಾಗೆ. ಗ್ರೂಪಿನ ಹುಡುಗರನ್ನೆಲ್ಲ ಹಿಂದೆ ಹಾಕಿದನಂತೆ. ನಾನು ಮೊದಲ ದೊಡ್ಡ ತಿರುವಿನಲ್ಲೇ ಇಳಿದು ಸೈಕಲ್ ದೂಡಿದೆ. ತುದಿ ತಲುಪುವಾಗ ಎಲ್ಲರೂ ತಿಂದು ಮುಗಿಸಿ ಚೀಲ ಕಟ್ಟುತ್ತಿದ್ದರು.

ಗುಟ್ಟೇನು ಎಂದು ಯಾರೋ ಅವನನ್ನು ಕೇಳಿದ್ದರು. ನನ್ನ ಕಡೆ ಕೈ ತೋರಿಸಿದ. ಎಲ್ಲ ಅಣ್ಣನ ದಯೆ, ಟ್ರೇನರ್ ಆರಿಸಿಕೊಟ್ಟವರೇ ಅವರು ಎಂದ. ಚಪ್ಪಾಳೆ ತಟ್ಟಿದರು. ನನಗೆ.

ಈಗ ಬುದ್ಧಿ ಬರುತ್ತಿದೆ. ನಾಲ್ಕು ತಿಂಗಳು ಕುರ್ಚಿಯಲ್ಲಿ ಕೂತು, ಕಾಲು ಕಾಲು ಪಾಯಿಂಟ್ ಏರಿಸಿ, ಅವನನ್ನು ಉಕ್ಕು ಮಾಡಿದ್ದೇನೆ. ಯಾವ ಕೋಚ್ ಮಾಡುತ್ತಿದ್ದ ಈ ಕೆಲಸ, ಸಂಬಳವಿಲ್ಲದೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿದೆ.

ನವೆಂಬರ್ 17

ಆಪ್ ತೆಗೆದು ಹಾಕಿದೆ. ಸಾಕು.

ನವೆಂಬರ್ 22

ಷಡ್ಡಕ ಅಂಗಡಿಗೆ ಬಂದ. ಓದುವ ಕನ್ನಡಕ ಬೇಕಂತೆ. ಕುರ್ಚಿಯಲ್ಲಿ ಕೂರಿಸಿ ಟ್ರಯಲ್ ಫ್ರೇಮ್ ಹಾಕಿದೆ. ಗಾಜು ಬದಲಿಸಿ ಇದು ಸ್ಪಷ್ಟವೋ, ಅದೋ ಎಂದು ಕೇಳಿದೆ. ಫ್ರೇಮಿನೊಳಗಿಂದ ನನ್ನನ್ನೇ ನೋಡುತ್ತಿದ್ದ.

"ಟೆಸ್ಟ್ ಎಲ್ಲಾ ಸರಿ ಬಂದ್ಮೇಲೆ ಟ್ರೇನರ್ ಕಂಪನಿಯವನನ್ನ ಕರೆಸಿದ್ದೆ ಅಣ್ಣ. 'ಇದು ನನ್ನ ಫೋನಿಗೆ ಸಿಗ್ತಿಲ್ಲ ಸಾರ್, ಕೆಳಗಡೆ ಮನೇದು ಸಿಗ್ತಿದೆ, ಇದನ್ನ ಯಾರೋ ಬೇರೆ ಫೋನಲ್ಲಿ ಹಿಡ್ಕೊಂಡಿದಾರೆ' ಅಂದ."

ಗಾಜು ಕೈಯಿಂದ ಜಾರಿತು. ಒಡೆಯಲಿಲ್ಲ.

ಕೋಪವೇ ಇರಲಿಲ್ಲ ಅವನ ದನಿಯಲ್ಲಿ. ಅದೇ ನನ್ನನ್ನು ಹೆದರಿಸಿತು. ಆ ಹದಿನೈದು ದಿನ ಮಗಳ ಮುಖ ನೋಡಲು ಧೈರ್ಯ ಸಾಲುತ್ತಿರಲಿಲ್ಲ ಎಂದ. ಇನ್ಶೂರೆನ್ಸ್ ಪೇಪರೆಲ್ಲ ಎಲ್ಲಿದೆ ಎಂದು ಹೆಂಡತಿಗೆ ತೋರಿಸಿಟ್ಟಿದ್ದನಂತೆ. ಗೊತ್ತಾದ ದಿನ ಜೀವ ಉಳಿಯಿತೆಂದು ಮೊದಲು ನಕ್ಕನಂತೆ, ಆಮೇಲೆ ಕೆಳಗಿಳಿದು ನನ್ನ ಕೊರಳಪಟ್ಟಿ ಹಿಡಿಯುವವನಿದ್ದನಂತೆ. ಮರುದಿನ ಯೋಚಿಸಿದನಂತೆ, ಇಷ್ಟು ಶ್ರದ್ಧೆಯಿಂದ ಏರು ಹಾಕಿಕೊಡುವವರು ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದು.

ತಪ್ಪಾಯಿತು ಎಂದೆ. ಕೇಳಿಸಲೇ ಇಲ್ಲವೇನೋ ಎನ್ನುವಂತೆ ಫ್ರೇಮ್ ತೆಗೆದು ಕೈಗಿಟ್ಟ.

"ಯಾರಿಗೂ ಹೇಳಲ್ಲ ಅಣ್ಣ. ಅತ್ತಿಗೆಗಂತೂ ಹೇಳೋದೇ ಇಲ್ಲ. ನಾಲ್ಕೈದು ದಿನದಿಂದ ಸಪಾಟಾಗಿದೆ, ಮಜಾ ಇಲ್ಲ. ನಾಳೆಯಿಂದ ಮೊದಲಿನ ಹಾಗೇ ಹಾಕಿ. ಐದೂವರೆಗೆ."

ನವೆಂಬರ್ 23

ಎದ್ದೆ. ಆಪ್ ಮತ್ತೆ ಹಾಕಿದೆ. ಐದು. ಎಷ್ಟು ದಿನ ಎಂದು ಮೆಟ್ಟಿಲಲ್ಲಿ ಕೇಳಿದೆ, ತಾನು ಸಾಕು ಅನ್ನುವವರೆಗೂ ಅಂತೆ. ಅವನು ಸಾಕು ಅನ್ನಲಿಲ್ಲ.

ಡಿಸೆಂಬರ್ 1

ದಿನಾ ಐದೂವರೆಗೆ. ರಜೆಯಿಲ್ಲ. ನನಗೆ ನೆಗಡಿ, ಜ್ವರ ಎಂದರೂ ಬಿಡುವುದಿಲ್ಲ. ತಡವಾದರೆ ಮೇಲಿನಿಂದ ನೆಲಕ್ಕೆ ಹಿಮ್ಮಡಿಯಲ್ಲಿ ಎರಡು ಸಲ ಗುದ್ದುತ್ತಾನೆ. ನನ್ನ ಸೈಕಲ್ ಧೂಳು ಹಿಡಿದಿದೆ. ಈ ಫೋನ್ ಬಾವಿಗೆ ಎಸೆಯುವ ಆಸೆ. ಎಸೆದರೆ ಹೆಂಡತಿಗೆ ಹೇಳುತ್ತಾನೆ. ಅವಳು ಆ ದಿನಗಳಲ್ಲಿ ಅತ್ತದ್ದು ನನಗೆ ಗೊತ್ತು. ಅವಳಿಗೆ ಗೊತ್ತಾದರೆ ಈ ಮನೆಯಲ್ಲಿ ನನಗೆ ಜಾಗವಿಲ್ಲ.

ಡಿಸೆಂಬರ್ 3, ಬೆಳಗ್ಗೆ 5.50

ಏರು ಐದೂವರೆಯಲ್ಲಿ ಇಟ್ಟಿದ್ದೆ. ಹೆಂಡತಿ ಎಂದಿಗಿಂತ ಬೇಗ ಎದ್ದು ಬಂದಳು. ಸೈಕಲ್ ಅಲ್ಲಿ, ನೀವು ಇಲ್ಲಿ, ಕತ್ತಲಲ್ಲಿ ಫೋನ್ ಹಿಡಿದು ಏನು ಮಾಡುತ್ತಿದ್ದೀರಿ ಎಂದಳು. ಸುದ್ದಿ ಓದುತ್ತಿದ್ದೇನೆ ಎಂದೆ. ಅಷ್ಟರಲ್ಲಿ ಮೇಲಿನ ಕಿಟಕಿ ತೆರೆದ ಸದ್ದು. ಇಷ್ಟು ದಿನ ಒಮ್ಮೆಯೂ ತೆರೆದವನಲ್ಲ.

"ಅಣ್ಣಾ, ಇನ್ನು ಕಾಲು ಪಾಯಿಂಟ್ ಏರಿಸಿ."

ಯಾರಿಗೂ ಹೇಳುವುದಿಲ್ಲ ಎಂದಿದ್ದ. ಹೇಳಲಿಲ್ಲ. ಕೂಗಿದ.

ಅವಳು ಕಿಟಕಿ ನೋಡಿದಳು. ನನ್ನ ಕೈ ನೋಡಿದಳು. ಬಂದು ಫೋನ್ ತೆಗೆದುಕೊಂಡಳು. ಪರದೆಯ ಮೇಲಿನ ಏರಿನ ಗುಂಡಿಯನ್ನು ಬೆರಳಿನಿಂದ ಸೊನ್ನೆಗೆ ಎಳೆದಳು, ಮೇಲಿನ ಸದ್ದು ಕೇಳಿದಳು. ಮತ್ತೆ ಮೇಲಕ್ಕೆ ಎಳೆದಳು, ಕೇಳಿದಳು. ಮೂರು ಸಲ ಹಾಗೆ ಮಾಡಿದಳು. ಯಾವಾಗಿನಿಂದ ಎಂದಳು, ಅಷ್ಟೇ.

ಇದೊಂದಿಷ್ಟು ಬರೆದು ಹೇಳುತ್ತೇನೆ ಎಂದಿದ್ದೇನೆ. ಎದುರಿಗೇ ಕೂತಿದ್ದಾಳೆ. ಬೇಗ ಬರೀರಿ ಎಂದಳು. ಬರೆಯುವುದು ಇನ್ನೂ