ದೇವಿ ಹಾಕಿದ ಎಂಟನೆಯ ದಿನ

ಗವಿಪುರಂ, ಬೆಂಗಳೂರು
೧೪–೨–೧೯೨೬

ಸೌಭಾಗ್ಯವತಿ ಮುನಿಲಕ್ಷ್ಮಮ್ಮನಿಗೆ ಅರ್ಜುನಪ್ಪನ ಆಶೀರ್ವಾದ.

ಇಲ್ಲಿ ನಾನೂ ಹಸುವೂ ಕ್ಷೇಮ. ನಿನ್ನ ತವರಿನಿಂದ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಮಾವಳ್ಳಿಯಲ್ಲಿ ನನಗಾದ ಫಜೀತಿ ಕೇಳಿದರೆ ನೀನೇ ಮನ್ನಿಸುತ್ತೀಯ. ಇದನ್ನು ಓದಿ ಹೇಳುವ ನಿನ್ನ ತಮ್ಮ ಮರಿಯಣ್ಣ ನಡುನಡುವೆ ನಗದಿದ್ದರೆ ಸಾಕು.

ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದೇವಿ ಹಾಕಿ, ಎಂಟನೆಯ ದಿನ ಪುಸ್ತಕದಲ್ಲಿ "ಕುಶಲ" ಎಂದು ಬರೆದುಬಿಟ್ಟರೆ ಇಷ್ಟು ದಿನ ನನ್ನ ಕೆಲಸ ಮುಗಿಯುತ್ತಿತ್ತು. ಎಲ್ಲೋ ಒಂದು ಮಗುವಿಗೆ ಅದು ಮಿದುಳಿಗೆ ತಾಕಬಹುದು ಎನ್ನುತ್ತಾರೆ ಡಾಕ್ಟರ್ ವೆಂಕಟಾಚಲ ಅವರು. ಅದಕ್ಕೆ ಈಗ ಎಂಟನೆಯ ದಿನ ಮತ್ತೆ ಮನೆಮನೆಗೆ ಹೋಗಿ ವಿಚಾರಿಸಿ ಪುಸ್ತಕದಲ್ಲಿ ಬರೆಯುತ್ತೇನೆ. ಹೋದ ಮಂಗಳವಾರ ಮಾವಳ್ಳಿಯ ಪಿಳ್ಳಮ್ಮಜ್ಜಿಯನ್ನು ಕೇಳಿದೆ.

"ದೇವಿ ಹಾಕಿದ್ಮೇಲೆ ಕೂಸಿಗೆ ಮೈ ಅದುರ್ತಾ ಅಜ್ಜಿ?"

"ಅದುರ್ದೆ ಇರ್ತದಾ ಸ್ವಾಮಿ? ಹಾಕಿದ್ದು ನೀವೇ ಅಲ್ವಾ? ಬಂದ್ಳು."

"ಯಾರು ಬಂದ್ರು?"

"ದೇವಿ. ಕಣ್ಣು ಮೇಲಕ್ಕೋಯ್ತು, ಬೇವಿನಸೊಪ್ಪು ಕೇಳಿದ್ಳು."

ಎಂಟು ತಿಂಗಳ ಕೂಸು ಬೇವಿನಸೊಪ್ಪು ಕೇಳಿತಂತೆ. ಪಕ್ಕದ ಮನೆಯ ಶಿವಕುಮಾರಿ ಬಿಡುತ್ತಾಳೆಯೇ? ಅವಳ ಮಗುವಿನ ಮೈಮೇಲೆ ಎರಡು ಸಲ ಬಂದಳಂತೆ. ಮಧ್ಯಾಹ್ನದೊಳಗೆ ನನ್ನ ಪುಸ್ತಕದಲ್ಲಿ ಹತ್ತೊಂಬತ್ತು ಮಕ್ಕಳಿಗೆ ಸೆಳೆತ. ಕೂಡಲೇ ಡಾಕ್ಟರಿಗೆ ಹೇಳಿಕಳಿಸಿದೆ. ಅವರು ಊಟ ಬಿಟ್ಟು ಜಟಕಾದಲ್ಲಿ ಓಡಿಬಂದರು. ನೋಡಿದರೆ ಹತ್ತೊಂಬತ್ತು ಮಕ್ಕಳೂ ಬೆಲ್ಲ ಚೀಪುತ್ತಾ ಕೂತಿವೆ, ಅಜ್ಜಿ ನನಗೆ ಆರತಿ ಎತ್ತುತ್ತಿದ್ದಾಳೆ.

"ಏನಯ್ಯಾ, ನೀನು ದೇವಿ ಹಾಕೋನೋ, ಪೂಜಾರೀನೋ?" ಎಂದರು ಡಾಕ್ಟರು.

ಮಾರನೆಯ ದಿನದಿಂದ ಆ ಪ್ರಶ್ನೆ ಬಿಟ್ಟೆ. "ಕೂಸು ಹಾಲು ಕುಡೀತಾ? ನಿಮ್ಮ ಮುಖ ನೋಡ್ತಾ?" ಎಂದಷ್ಟೇ ಕೇಳುತ್ತೇನೆ. ಇದಕ್ಕೆ ಯಾವ ತಾಯಿಯೂ ತಪ್ಪು ಉತ್ತರ ಕೊಡುವುದಿಲ್ಲ.

ನಿನ್ನ ಬಾಣಂತನ ಮುಗಿದು ನಾಲ್ಕು ತಿಂಗಳಾಯಿತು. ನಿಮ್ಮನ್ನು ಇಲ್ಲಿಗೆ ಕಳಿಸಲು ಒಳ್ಳೆಯ ದಿನ ಸಿಕ್ಕಿಲ್ಲವೆಂದು ಅತ್ತೆಯವರು ಪಂಚಾಂಗ ತೋರಿಸುತ್ತಾರೆ. ಊರಿಗೆಲ್ಲ ದೇವಿ ಹಾಕುವವನ ಮಗನಿಗೇ ಇನ್ನೂ ಹಾಕಿಲ್ಲವೆಂದು ಜನ ಆಡಿಕೊಳ್ಳುತ್ತಾರೆ. ಅವರು ಆಡಿಕೊಳ್ಳಲಿ. ಆದರೆ ನಿಮ್ಮ ಕಡೆಯೂ ಸಿಡುಬು ಕಾಣಿಸಿದೆಯಂತೆ, ನನಗೆ ಭಯವಾಗುತ್ತಿದೆ.

ಕೂಸಿಗೆ ನೂರು ವರ್ಷ ಆಯಸ್ಸಿರಲಿ, ಅತ್ತೆಯವರಿಗೆ ನಮಸ್ಕಾರ.

ಇತಿ,
ಅರ್ಜುನಪ್ಪ

ವಿ.ಸೂ.: ಮರಿಯಣ್ಣ, ಇಲ್ಲಿಗೆ ನಿಲ್ಲಿಸಿ ಕಾಗದವನ್ನು ನಿಮ್ಮಕ್ಕನ ಕೈಗೆ ಕೊಡು. ಮುನಿಲಕ್ಷ್ಮಿ, ನೀನೇ ಕೂಡಿಸಿ ಓದಲೆಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಪಂಚಾಂಗ ನೆಪವೆಂದು ನನಗೆ ಗೊತ್ತು. ನಮ್ಮ ಮೊದಲ ಕೂಸು ಸಪ್ಪಲಮ್ಮನಿಗೆ ನಾನೇ ದೇವಿ ಹಾಕಿದ ಎಂಟನೆಯ ದಿನ "ಮಗು ಮುಖ ನೋಡ್ತಿಲ್ಲ, ಬನ್ನಿ" ಎಂದು ನೀನು ಕರೆದೆ. ನಾನು ಎದ್ದು ಬರಲಿಲ್ಲ, ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ "ಕುಶಲ" ಎಂದು ಬರೆದೆ. ಅದಾದ ಮೂರನೆಯ ದಿನ ಅವಳು ಹೋದಳು. ಯಾವುದರಿಂದ ಹೋದಳೋ ಡಾಕ್ಟರಿಗೂ ತಿಳಿಯದು. ನಿನ್ನೆ ಆ "ಕುಶಲ" ಹೊಡೆದುಹಾಕಿ, ನೀನು ಹೇಳಿದ್ದನ್ನು ಬರೆದೆ. ಈ ಕೂಸಿಗೆ ಡಾಕ್ಟರೇ ಹಾಕಲಿ. ನಾನು ರಜೆ ಹಾಕಿ ತೊಟ್ಟಿಲ ಪಕ್ಕ ಕೂರುತ್ತೇನೆ. ನೀನು ಕರೆಯುವ ಮೊದಲೇ ನೋಡುತ್ತೇನೆ.