ಬಾಡಿಗೆಗೆ ಹೋದ ಹಾಡು

ಹೊಲಿಗೆ ಅಂಗಡಿ, ಬಟ್ಟೆ ಕತ್ತರಿಸುವ ಮೇಜಿನಿಂದ
ಸೋಮವಾರ, ಜೂನ್ ೯

ಪ್ರೀತಿಯ ಗುಬ್ಬಚ್ಚೀ,

ಸಂಗೀತದ ದೊಡ್ಡ ದೊಡ್ಡ ಕಂಪನಿಗಳು ಹಾಡಿಗೆ ಬೆಲೆ ಕಟ್ಟುವ ಮೊದಲು ಗುಟ್ಟಾಗಿ ಫೋನ್ ಮಾಡಿ ವಿಚಾರಿಸುವುದು ನಿನ್ನ ಮಾವನನ್ನೇ. ಅಂಥ ಮನುಷ್ಯ ಬಿಡುವು ಮಾಡಿಕೊಂಡು ಕಾಗದ ಬರೆಯುತ್ತಿದ್ದಾನೆ, ಮರ್ಯಾದೆಯಿಂದ ಕೂತು ಓದು. ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ನಿಂತು ನಿಂತು ಕಾಲು ಊದಿಕೊಳ್ಳುತ್ತಿದ್ದದ್ದು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ನೀನೂ ಉಣ್ಣುತ್ತೀಯೋ, ಬರೀ ಬಡಿಸುತ್ತೀಯೋ? ಇಲ್ಲಿ ನಿಮ್ಮಮ್ಮನ ಗಂಟಲಿನ ಆಪರೇಷನ್ ಗಾಯ ಪೂರ್ತಿ ಮಾಗಿದೆ. ಧ್ವನಿ ಮಾತ್ರ ಡಾಕ್ಟರು ಹೇಳಿದಂತೆಯೇ ಆಯಿತು, ಪಿಸುಮಾತಿನಿಂದ ಮೇಲೇಳುವುದಿಲ್ಲ. ನನ್ನನ್ನು ಬೈಯಲು ಅಷ್ಟು ಧಾರಾಳವಾಗಿ ಸಾಕಾಗುತ್ತಿದೆ.

ನೀನು ಕೇಳಿದ್ದು ಎರಡು. ಹಾಡುಗಳನ್ನು ಇಂಟರ್‌ನೆಟ್ಟಿನ ಅಂಗಡಿಯಲ್ಲಿ ಒಂದೊಂದಾಗಿ ಕೊಳ್ಳುವುದೋ, ಕ್ಲೌಡಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಿ ಎಲ್ಲವನ್ನೂ ಕೇಳುವುದೋ? ಮತ್ತೆ, ಆಪರೇಷನ್ನಿಗೆ ಮುಂಚೆ ನಾನು ಅಂಗಡಿಯಲ್ಲಿ ರೆಕಾರ್ಡ್ ಮಾಡಿದ್ದ ಅಮ್ಮನ ಹಾಡನ್ನು ಯಾವಾಗ ಕಳಿಸುತ್ತೀ? ಮೊದಲನೆಯದಕ್ಕೆ ಉತ್ತರ ಹುಡುಕಲು ಹೋಗಿ ಎರಡನೆಯದಕ್ಕೇ ಕೊಳ್ಳಿ ಇಡುವವನಿದ್ದೆ. ಗಾಬರಿಯಾಗಬೇಡ, ಹಾಡು ಸಿಕ್ಕಿದೆ.

ಆದದ್ದಿಷ್ಟು. ನಿಮ್ಮ ಹತ್ತಿರ ಇರುವ ಹಾಡುಗಳನ್ನೂ ನಮಗೆ ಕೊಡಿ, ಫೋನು ಕಳೆದರೂ ಹಾಡು ಕಳೆಯುವುದಿಲ್ಲ ಎಂದರು ಕ್ಲೌಡಿನವರು. ಊರ ಶಾಲೆಯಲ್ಲಿ ಏಳನೇ ತರಗತಿಯನ್ನು ಎರಡೆರಡು ಸಲ ಓದಿದವನು ನಾನು, ನನಗೆ ಯಾರು ಮೋಸ ಮಾಡಿಯಾರು? ಹಣ ಕಟ್ಟಿ, ಇದ್ದದ್ದನ್ನೆಲ್ಲ ಏರಿಸಿದೆ. ಪ್ರತಿ ಹಾಡಿಗೂ ಹೆಸರು ಬರೆಯಬೇಕು, ಹಾಡಿದವರ ಹೆಸರೂ ಬರೆಯಬೇಕು. ನಿಮ್ಮಮ್ಮ ಹೊಲಿಗೆ ಮೆಷಿನ್ ತುಳಿಯುತ್ತಾ ಹಾಡಿದ್ದು ಹಳೆಯ ಸಿನಿಮಾ ಹಾಡಲ್ಲವೇ? ನನ್ನಕ್ಕ ಯಾರಿಗೆ ಕಡಿಮೆ ಎಂದು ಆ ಸಿನಿಮಾ ಗಾಯಕಿಯ ಹೆಸರನ್ನೇ ಠೀವಿಯಿಂದ ಬರೆದೆ. ಆಮೇಲೆ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಆ ಜಾಗಕ್ಕೆ ಷರ್ಟಿನ ಮಾದರಿಗಳ ಫೋಟೊ ತುಂಬಿಸಿದೆ.

ಮಂಗಳವಾರ ನಿನಗೆ ಕಳಿಸೋಣವೆಂದು ಹಾಡು ಇಳಿಸಿಕೊಂಡು ಹಾಕಿದೆ. ಪಿಟೀಲು, ಕೊಳಲು, ಒಂದು ದಂಡೇ ಇದೆ. ಹಾಡುತ್ತಿರುವವಳು ಅಸಲಿ ಗಾಯಕಿಯೇ! ಮೆಷಿನ್ನಿನ ಸದ್ದೂ ಇಲ್ಲ, ನಿಮ್ಮಮ್ಮನೂ ಇಲ್ಲ. ಆ ಹೆಸರಿನ ನೀಟಾದ ಹಾಡು ತಮ್ಮ ಬಳಿ ಮೊದಲೇ ಇದ್ದುದರಿಂದ ನಮ್ಮ ಗದ್ದಲದ್ದನ್ನು ತೆಗೆದು ಅದನ್ನೇ ಇಟ್ಟಿದ್ದರಂತೆ. ವಿಚಾರಿಸಿದರೆ ಫೋನೆತ್ತಿದ ಹೆಂಗಸು, "ಸರ್, ನಿಮಗೆ ಇನ್ನೂ ಚೆನ್ನಾಗಿರೋದೇ ಸಿಕ್ಕಿದೆಯಲ್ಲ" ಎಂದಳು. ಮುಚ್ಚಿಡೋಣವೆಂದರೆ ನಿಮ್ಮಮ್ಮ ಹಿಂದೆಯೇ ಗುಂಡಿ ಹೊಲಿಯುತ್ತಾ ಕೂತಿದ್ದಾಳೆ. ಪೂರ್ತಿ ಕೇಳಿ, "ಲೋ, ಇಷ್ಟು ಚೆನ್ನಾಗಿ ನಾನು ಯಾವಾಗ ಹಾಡಿದ್ನೋ?" ಎಂದು ಪಿಸುಗುಟ್ಟಿ, ಭುಜ ಕುಲುಕಿಸಿ ನಕ್ಕಳು. ಆಮೇಲೆ ಹೊಲಿದ ಗುಂಡಿಯನ್ನು ಬಿಚ್ಚಿದಳು, ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು. ನಾನು ನೋಡದವನಂತೆ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡೆ.

ನಿನ್ನೆ, ಇವರ ಸಹವಾಸವೇ ಸಾಕೆಂದು ಏರಿಸಿದ್ದನ್ನೆಲ್ಲ ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದೆ. ಪಟ್ಟಿಯ ತಳದಲ್ಲಿ 'ಅಕ್ಕನ ಕಿರಿಕಿರಿ' ಎಂದಿತ್ತು. ಅದೇ ದಿನದ ಇನ್ನೊಂದು ರೆಕಾರ್ಡಿಂಗು! ಹಾಡಿನ ಮಧ್ಯೆ ನನ್ನನ್ನು ಬೈದಳೆಂದು ಸಿಟ್ಟಿನಲ್ಲಿ ಹಾಗೆ ಹೆಸರಿಟ್ಟು ಮರೆತೇಬಿಟ್ಟಿದ್ದೆ. ಆ ಹೆಸರಿನ ಹಾಡು ಲೋಕದ ಯಾವ ಅಂಗಡಿಯಲ್ಲಿದ್ದೀತು? ಅದಕ್ಕೇ ಯಾರೂ ಮುಟ್ಟಿಲ್ಲ. ಹಾಕಿದೆ. ಮೆಷಿನ್ನಿನ ಕಟಕಟ, ಪಲ್ಲವಿ, ಒಂದು ಚರಣ, ಆಮೇಲೆ ಗಟ್ಟಿ ಗಂಟಲಲ್ಲಿ, "ಲೋ ಕತ್ತೆ, ಕಾಲರ್ ಉಲ್ಟಾ ಹೊಲೀತಿದ್ದೀಯಲ್ಲೋ, ಬಿಚ್ಚೋ!" ತಕ್ಷಣ, ಬಿಟ್ಟ ಪದದಿಂದಲೇ ಮತ್ತೆ ಹಾಡು. ನಿಮ್ಮಮ್ಮ ಒಳಗಿನಿಂದ ಓಡಿಬಂದಳು. ನಿಂತಲ್ಲೇ ನಿಂತು, ತುಟಿಯಾಡಿಸುತ್ತಾ ಜೊತೆಗೆ ಹಾಡಿದಳು. ಬೈಗುಳ ಬಂದಾಗ ಅದನ್ನೂ ಬಿಡಲಿಲ್ಲ. ಹೋದ ಜೀವ ಬಂದಂತಾಯಿತು ನನಗೆ. ಬೈಸಿಕೊಂಡು ಇಷ್ಟು ಖುಷಿಪಟ್ಟ ಗಂಡಸು ಭೂಮಿಯ ಮೇಲೆ ಇನ್ನೊಬ್ಬನಿರಲಾರ.

ಈಗ ತಜ್ಞನ ತೀರ್ಪು. ದಡ ಬಿಟ್ಟ ಮೇಲೆ ನಿನಗೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಬಿಟ್ಟಿರಲಾರದ ಹಾಡುಗಳನ್ನು ಅಂಗಡಿಯಲ್ಲಿ ಕೊಂಡು ಫೋನಿನಲ್ಲೇ ಇಟ್ಟುಕೋ. ಬಂದರಿನಲ್ಲಿರುವಾಗ ಹೊಸದನ್ನು ರುಚಿ ನೋಡಲು ಬಾಡಿಗೆಯದು ಸಾಕು, ಅದೂ ಒಂದೊಂದೇ ತಿಂಗಳಿಗೆ. ಮನೆಯವರ ಧ್ವನಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ನಿನ್ನದನ್ನು ಅಳಿಸಬೇಡ. ಲಕೋಟೆಯೊಳಗೆ ಷರ್ಟಿನ ಬಟ್ಟೆಯ ಚೂರಿನಲ್ಲಿ ಮೆಮೊರಿ ಕಾರ್ಡ್ ಇಟ್ಟು ಹೊಲಿದಿದ್ದೇನೆ. ಹಲ್ಲಿನಿಂದ ಕಚ್ಚದೆ ಕತ್ತರಿಯಿಂದ ಬಿಚ್ಚು.

ನಿಮ್ಮಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ. ಕಡಲು ನಿನ್ನ ಪಾತ್ರೆಗಳನ್ನು ಅಲುಗಿಸದಿರಲಿ, ನೂರು ಕಾಲ ಬಾಳು.

ನಿನ್ನ ಮಾವ,
ಟೇಪುರಾಯ

ತಾ.ಕ.: ಅಂಚೆಗೆ ಓಡಬೇಕು. ಈ ಗಲಾಟೆಯಲ್ಲಿ ಚಿಲ್ಲರೆ ಕಾಸು ಹೋಯಿತೆಂದಷ್ಟೇ ನಿಮ್ಮಮ್ಮನಿಗೆ ಹೇಳಿದ್ದೇನೆ. ಐದು ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದಿದ್ದರು, ಈಗ ವಾಪಸು ಕೊಡುವುದಿಲ್ಲವಂತೆ. ನನ್ನ ಕನ್ನಡಕಕ್ಕೆಂದು ನೀನು ಕಳಿಸಿದ್ದೆಯಲ್ಲ, ಅದೇ ಹಣ. ಅಕ್ಷರ ಇಷ್ಟು ದಪ್ಪವಾಗಿರುವುದು ಅದಕ್ಕೇ. ಹೊಸ ಕನ್ನಡಕ ಹೇಗಿದೆ ಎಂದು ಮಾತ್ರ ಕೇಳಿ ಬರೆಯಬೇಡ ತಾಯಿ, ನಿನ್ನ ಕಾಗದ ಮೊದಲು ಅವಳೇ ಓದುವುದು. ಹೋದದ್ದು ಪೂರ್ತಿ ಆರು ಸಾವಿರದ ನಾನೂರು.