ಉಳಿದಿದ್ದ ಐದು ನಿಮಿಷ

ಅಲೆಕ್ಸಾಂಡ್ರಿಯಾ
ಸೋಮವಾರ, ಮಾರ್ಚ್ ೯

ನನ್ನ ಮೇಲೆ ಸಿಟ್ಟಾಗಿರುವ ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ತಂಡದ ಹುಡುಗಿಯೊಬ್ಬಳು ನಾಳೆ ರೈಲಿನಲ್ಲಿ ದಮನ್‌ಹೂರಿಗೆ ಬರುತ್ತಾಳೆ, ಅವಳ ಕೈಗೆ ಕೊಡುತ್ತೇನೆ. ಪೂರ್ತಿ ಓದು. ಆಮೇಲೆ ಬೈಯುವುದಿದ್ದರೆ ಬೈ.

ರಗಬ್ ಮಾವ ನಿನಗೆ ತೋರಿಸಿದ ವಿಡಿಯೋದಲ್ಲಿ ಇರುವುದು ಇಷ್ಟೇ: ನಾನು ಕೋರ್ಟಿನ ನಡುವೆ ಚೆಂಡು ತಬ್ಬಿಕೊಂಡು ಕೂತಿದ್ದೇನೆ, ಒಬ್ಬ ಹಿರಿಯರ ಕಡೆ ಬೆರಳು ತೋರಿಸಿ ಏನೋ ಹೇಳುತ್ತಿದ್ದೇನೆ. ಅಷ್ಟು ನೋಡಿ ಮಾವ, "ಕ್ಲಬ್ಬಿಗೆ ಸೇರಿದ ಮೊದಲನೇ ವರ್ಷಕ್ಕೇ ಇವಳಿಗೆ ತಲೆ ತಿರುಗಿದೆ" ಅಂದರಂತೆ. ನೀನೂ ಹೌದೆಂದೆಯಂತೆ. ಅದಕ್ಕೆ ಮುಂಚೆ ಏನಾಯಿತು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಅವತ್ತು ನಮ್ಮ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್. ಕೈರೋದ ತಂಡದ ಮೇಲೆ, ನಮ್ಮದೇ ಕ್ಲಬ್ಬಿನ ಹಾಲ್‌ನಲ್ಲಿ. ಕರೆಂಟು ಹೋಗಿ ಆಟ ಶುರುವಾಗುವುದೇ ತಡವಾಯಿತು. ಸಂಜೆ ಅದೇ ಹಾಲ್‌ನಲ್ಲಿ ಗಂಡಸರ ತಂಡದ ಹೊಸ ಜೆರ್ಸಿ ಬಿಡುಗಡೆ, ಟೀವಿಯವರು ಬರುವವರಿದ್ದರು. ಅವರೇನೂ ಕಪ್ ಗೆದ್ದು ಬಂದದ್ದಲ್ಲ ಅಮ್ಮ, ಬರೀ ಜೆರ್ಸಿ.

ಇನ್ನು ಐದು ನಿಮಿಷದ ಆಟ ಬಾಕಿ ಇತ್ತು. ನಾವು ಆರು ಪಾಯಿಂಟ್ ಹಿಂದಿದ್ದೆವು. ಐದು ನಿಮಿಷಕ್ಕೆ ಅದೇನೂ ದೊಡ್ಡದಲ್ಲ. ಅಷ್ಟರಲ್ಲಿ ಆಳುಗಳು ವೇದಿಕೆಯ ಹಲಗೆ ಹೊತ್ತು ಒಳಗೆ ಬಂದರು. ಹಿಂದೆಯೇ ಹಾಲ್‌ನ ಮ್ಯಾನೇಜರ್ ಉಸ್ತಾದ್ ಲುತ್ಫಿ ಬಂದು ರೆಫರಿಗೆ, "ಇಲ್ಲಿಗೆ ಸಾಕು, ಮುಂದಿರೋರು ಗೆದ್ದರು ಅಂತ ಬರ್ಕೊಂಡುಬಿಡಿ" ಅಂದರು. ನಮ್ಮದೇ ಕ್ಲಬ್ಬಿನ ಮನುಷ್ಯ, ನಾವು ಸೋತೆವೆಂದು ಅವರೇ ತೀರ್ಪು ಕೊಟ್ಟರು.

ನಾನು ಹೋಗಿ, ಇನ್ನೂ ಆಟ ಇದೆ ಎಂದೆ. ಮರ್ಯಾದೆಯಿಂದಲೇ ಹೇಳಿದೆ. ಅವರು ನಕ್ಕರು.

"ಹೆಂಗೂ ಸೋಲ್ತಿದ್ದೀರಲ್ಲಮ್ಮ, ಐದು ನಿಮಿಷದಲ್ಲಿ ಏನು ಕಡಿದು ಗುಡ್ಡೆ ಹಾಕ್ತೀರಾ? ಹೋಗಿ, ಬಟ್ಟೆ ಬದಲಾಯಿಸ್ಕೊಳ್ಳಿ."

ನಾನು ಕೂತುಬಿಟ್ಟೆ. ಮೊದಲೇ ಯೋಚನೆ ಮಾಡಿದ್ದೇನೂ ಅಲ್ಲ. ಹಲಗೆ ಹೊತ್ತವರು ನನ್ನನ್ನು ಸುತ್ತುಹಾಕಿ ಹೋಗಬೇಕಾಯಿತು. ಕೋಚ್ ಮಾಗ್ದಾ ಬಗ್ಗಿ ಕಿವಿಯಲ್ಲಿ, "ಏಳು ಪುಟ್ಟಿ, ನನ್ನ ಕೆಲಸ ಹೋಗತ್ತೆ" ಅಂದರು. ಅವರ ಮುಖ ನೋಡಿ ಏಳಬೇಕೆನ್ನಿಸಿತ್ತು, ನಿಜ. ಆಗ ಉಸ್ತಾದ್ ಲುತ್ಫಿ ಎಲ್ಲರ ಮುಂದೆ, "ನಿಮ್ಮಪ್ಪ ನಿನಗೆ ಇದನ್ನೇ ಕಲಿಸಿದ್ನಾ?" ಅಂದರು.

ಬೆರಳು ತೋರಿಸಿದ್ದು ಆಗ. ನಾನು ಹೇಳಿದ್ದು ವಿಡಿಯೋದಲ್ಲಿ ಕೇಳಿಸುವುದಿಲ್ಲ, ಕೇಳು: "ನಮ್ಮಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟೋರಲ್ಲ ಅವರು. ಅವರ ಹೆಸರು ಎತ್ತಬೇಡಿ." ಇದರಲ್ಲಿ ಯಾವ ಮಾತಿಗೆ ಕ್ಷಮೆ ಕೇಳಲಿ, ನೀನೇ ಹೇಳು.

ಕೈರೋ ತಂಡದ ನಾಯಕಿ ಶಹೀರಾ ಅಷ್ಟು ಹೊತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಅವತ್ತು ಆಟದುದ್ದಕ್ಕೂ ನನ್ನ ಪಕ್ಕೆಗೆ ಮೊಣಕೈ ಕೊಟ್ಟವಳು. ನನ್ನ ತುಟಿ ಒಡೆದದ್ದೂ ಅವಳ ಕೈಯಿಂದಲೇ. ಎರಡು ಹೊಲಿಗೆ ಬಿದ್ದಿದೆ, ಈಗ ಪರವಾಗಿಲ್ಲ. ಅವಳು ನನ್ನ ಎದುರಿಗೆ ಬಂದು ನಿಂತಳು.

"ಏಳ್ತೀಯಾ?"

"ಇಲ್ಲ."

"ಹಾಗಾದ್ರೆ ಸ್ವಲ್ಪ ಆ ಕಡೆ ಸರಿ."

ಚೀಲ ಕೆಳಗಿಟ್ಟು ನನ್ನ ಪಕ್ಕ ಕೂತಳು. ಫೈನಲ್ ಅವಳ ಕೈಯಲ್ಲಿತ್ತು ಅಮ್ಮ, ಸುಮ್ಮನೆ ಬಸ್ಸು ಹತ್ತಿದ್ದರೆ ಸಾಕಿತ್ತು. ಉಸ್ತಾದ್ ಲುತ್ಫಿ ಅವಳಿಗೆ, "ನೀನ್ಯಾಕಮ್ಮ, ಗೆದ್ದಿದ್ದೀಯಲ್ಲ" ಎಂದಾಗ, "ಗೆಲ್ಲೋದಿದ್ರೆ ಆಡಿ ಗೆಲ್ತೀವಿ ಉಸ್ತಾದ್. ನಿಮ್ಮ ಭಿಕ್ಷೆ ಬೇಡ" ಅಂದಳು. ಅವಳ ತಂಡ ಬಂದು ಕೂತಿತು, ನಮ್ಮದೂ ಬಂತು. ಕೊನೆಗೆ ಕೋಚ್ ಮಾಗ್ದಾ ನೀರಿನ ಬಾಟಲಿಗಳನ್ನು ತಂದು ಎರಡು ತಂಡಕ್ಕೂ ಹಂಚಿ, ಅಲ್ಲೇ ನಮ್ಮ ಜೊತೆ ಕೂತುಬಿಟ್ಟರು.

ಅಷ್ಟರಲ್ಲಿ ಟೀವಿಯವರು ಕ್ಯಾಮೆರಾ ಹಿಡಿದು ಬಂದರು. ಹೊಸ ಜೆರ್ಸಿ ಹಾಕಿಕೊಂಡ ಗಂಡಸರು ಬಾಗಿಲಲ್ಲಿ ನಿಂತರು. ಕ್ಯಾಮೆರಾ ನಮ್ಮ ಕಡೆ ತಿರುಗಿದ್ದು ನೋಡಿ ಉಸ್ತಾದ್ ಲುತ್ಫಿಯ ದನಿ ಒಮ್ಮೆಲೇ ಮೆತ್ತಗಾಯಿತು. "ಮಕ್ಕಳೇ, ಆಡಿ, ಆಡಿ, ಯಾರು ಬೇಡ ಅಂದ್ರು" ಎಂದರು. ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆಡಿದೆವು. ಹಲಗೆಗಳು ಗೋಡೆಗೆ ಒರಗಿದ್ದವು. ನಾವು ಒಂದು ಪಾಯಿಂಟಿನಿಂದ ಸೋತೆವು. ಕೊನೆಯ ಎಸೆತ ನನ್ನದೇ, ರಿಂಗಿಗೆ ಬಡಿದು ಹೊರಗೆ ಬಿತ್ತು. ಸೋತದ್ದಕ್ಕೆ ಅತ್ತಿದ್ದೇನೆ, ಕೂತದ್ದಕ್ಕೆ ಅತ್ತಿಲ್ಲ.

ಈಗ ಕ್ಲಬ್ಬಿನವರು ಗುರುವಾರದೊಳಗೆ ಕ್ಷಮೆ ಕೇಳು, ಇಲ್ಲದಿದ್ದರೆ ತಂಡದಲ್ಲಿ ಜಾಗವಿಲ್ಲ ಎನ್ನುತ್ತಿದ್ದಾರೆ. ನೀನೂ ಅದನ್ನೇ ಹೇಳುತ್ತೀಯ: "ಒಂದು ಮಾತು ತಾನೇ, ಹೇಳಿಬಿಡು." ಅಪ್ಪ ಹೋದ ಮೇಲೆ ಮಾವಂದಿರೆಲ್ಲ ನನ್ನ ಆಟ ನಿಲ್ಲಿಸು ಎಂದಾಗ, ಬಾಗಿಲಿಗೆ ಅಡ್ಡ ನಿಂತು ನನ್ನನ್ನು ಪ್ರಾಕ್ಟೀಸಿಗೆ ಕಳಿಸಿದವಳು ನೀನು. ಆಗ ನೀನು ಯಾರ ಕ್ಷಮೆಯನ್ನೂ ಕೇಳಲಿಲ್ಲ. ನಾನೂ ಕೇಳುವುದಿಲ್ಲ. ಮಾವನಿಗೆ ಈ ಕಾಗದ ಓದಿ ಹೇಳು, ಗಟ್ಟಿಯಾಗಿ.

ನೀನು ಕಳಿಸಿದ ಫತೀರ್ ರೊಟ್ಟಿಯನ್ನು ಹುಡುಗಿಯರು ನನಗೊಂದು ಚೂರೂ ಉಳಿಸದೆ ತಿಂದರು. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೋ.

ಸಿಟ್ಟು ಇಳಿಯದ, ನಿನ್ನವಳೇ ಆದ
ರಿಹಾಬ್

ತಾ.ಕ.: ನಿನ್ನೆ ಶಹೀರಾ ಫೋನ್ ಮಾಡಿದ್ದಳು. ಮುಂದಿನ ವರ್ಷಕ್ಕೆ ಅವಳ ತಂಡಕ್ಕೆ ನಾನು ಬೇಕಂತೆ, ಕೈರೋಗೆ. "ನಮ್ಮಮ್ಮನ್ನ ಕೇಳಿ ಹೇಳ್ತೀನಿ" ಅಂದೆ ಎಂದು ನಿನಗೆ ಬರೆಯೋಣ ಎಂದುಕೊಂಡಿದ್ದೆ. ಆದರೆ ಅದು ಸುಳ್ಳಾಗುತ್ತದೆ. ಅವಳು ಕೇಳಿ ಮುಗಿಸುವ ಮೊದಲೇ ಒಪ್ಪಿಕೊಂಡುಬಿಟ್ಟಿದ್ದೇನೆ.